ಹೊಂಗೆ ಬಯೋಡೀಸೆಲ್ ಹಾಕಿದ್ರೆ ಟ್ರಾಕ್ಟರ್ ಹೊಗೆ ಕಡಿಮೆ ಆಗುತ್ತಾ?

ಪ್ರಶ್ನೆ: ನಮಸ್ಕಾರ ಅಣ್ಣ, ನಮ್ದು ಅರಸೀಕೆರೆ ಕಡೆ. ಬದು ಮೇಲೆ ಹೊಂಗೆ ಮರ ಸುಮಾರಿದಾವೆ, ಬೀಜ ಗಾಣಕ್ಕೆ ಹಾಕಿಸಿ ಎಣ್ಣೆ ತೆಗೆಸ್ತೀವಿ. ನಮ್ಮ ಟ್ರಾಕ್ಟರ್ ಹಳೇದು, ನೇಗಿಲು ಆಳಕ್ಕೆ ಇಳಿದ್ರೆ ಸಾಕು ಕರೀ ಹೊಗೆ ಕಕ್ಕುತ್ತೆ, ಓಡಿಸೋ ಅಪ್ಪಂಗೆ ದಮ್ಮು ಬೇರೆ ಇದೆ. ಬಯೋಡೀಸೆಲ್‌ಗೆ ಹೊಗೆ ಕಡಿಮೆ ಅಂತಾರೆ, ನಿಜಾನಾ? ಹೊಂಗೆ ಎಣ್ಣೇನೇ ಡೀಸೆಲ್ ಜೊತೆ ಬೆರೆಸಿ ಹಾಕ್ಬೋದಾ?

ಉತ್ತರ (ಪಂಪ್-ನಾಜಲ್ ಮೆಕ್ಯಾನಿಕ್): ಮೊದ್ಲು ಒಂದು ಹೇಳ್ಬಿಡ್ತೀನಿ, ಗಾಣದ ಎಣ್ಣೆ ಬೇರೆ ಬಯೋಡೀಸೆಲ್ ಬೇರೆ. ಹಸಿ ಎಣ್ಣೆ ಡೀಸೆಲ್‌ಗಿಂತ ಹತ್ತು ಪಟ್ಟು ಮಂದ ಇರುತ್ತೆ, ನಾಜಲ್ (ಎಂಜಿನ್ ಒಳಗೆ ಡೀಸೆಲ್ ಚಿಮ್ಮಿಸೋ ಮೂತಿ) ಟೆಸ್ಟರ್‌ಗೆ ಹಾಕಿ ಒತ್ತಿದ್ರೆ ಡೀಸೆಲ್ ಮಂಜಿನ ಹಾಗೆ ಹರಡುತ್ತೆ, ಇದು ಪಿಚಕಾರಿ ಹಾಗೆ ಗೆರೆ ಹೊಡೆಯುತ್ತೆ. ಆ ಗೆರೆ ಪೂರ್ತಿ ಸುಡಲ್ಲ, ನಾಜಲ್ ತುದೀಲಿ ಕರಿ ಹೂಕೋಸಿನ ಥರ ಕಾರ್ಬನ್ ಕಟ್ಕೊಳ್ಳುತ್ತೆ, ಆಮೇಲೆ ಹೊಗೆ ಇನ್ನೂ ಜಾಸ್ತಿ. ದಯವಿಟ್ಟು ಹಸಿ ಎಣ್ಣೆ ಹಾಕ್ಬೇಡಿ.

ಅದೇ ಎಣ್ಣೆಗೆ ಮೆಥನಾಲ್ (ಒಂಥರಾ ಆಲ್ಕೋಹಾಲ್), ಕಾಸ್ಟಿಕ್ ಸೋಡಾ ಸೇರಿಸಿ ಗ್ಲಿಸರಿನ್ ಬೇರೆ ಮಾಡಿ ತೊಳೆದ್ರೆ ಬಯೋಡೀಸೆಲ್. ಅದ್ರ ತೂಕದಲ್ಲಿ ಸುಮಾರು ನೂರಕ್ಕೆ 11 ಭಾಗ ಆಕ್ಸಿಜನ್ನೇ ಇರೋದ್ರಿಂದ, ಸ್ಪ್ರೇ ಒಳಗೆ ಗಾಳಿ ಸಾಲದ ಜಾಗದಲ್ಲೂ ಸುಡುತ್ತೆ, ಮಸಿ ಕಮ್ಮಿ ಆಗೋದು ಅದಕ್ಕೇ. ಅಮೆರಿಕದ ಪರಿಸರ ಸಂಸ್ಥೆ ಇಪಿಎ 2002ರಲ್ಲಿ ದೊಡ್ಡ ಎಂಜಿನ್‌ಗಳ ಲೆಕ್ಕ ತೆಗೀತು: ಸೋಯಾ ಬಯೋಡೀಸೆಲ್ 20% ಬೆರೆಸಿದ್ರೆ ಮಸಿ ಸುಮಾರು 10%, ಕಾರ್ಬನ್ ಮೊನಾಕ್ಸೈಡ್ 11%, ಸುಡದೇ ಉಳಿಯೋ ಹೈಡ್ರೋಕಾರ್ಬನ್ 21% ಇಳೀತು. ಆದ್ರೆ ನೈಟ್ರೋಜನ್ ಆಕ್ಸೈಡ್ 2% ಏರಿತು. ಕಣ್ಣಿಗೆ ಕಾಣೋ ಹೊಗೆ ಇಳಿದು ಕಾಣದೇ ಇರೋದು ಸ್ವಲ್ಪ ಏರುತ್ತೆ ಅಂತ ಅರ್ಥ, ಅದೂ ಶ್ವಾಸಕೋಶಕ್ಕೆ ಉರಿ ಕೊಡೋದೇ, ದಮ್ಮು ಇರೋರಿಗೆ ಒಳ್ಳೇದಲ್ಲ. ಹಳೇ ಪಂಪಲ್ಲಿ ಈ ನೈಟ್ರೋಜನ್ ಆಕ್ಸೈಡ್ ಯಾಕೆ ಏರುತ್ತೆ ಅಂದ್ರೆ, ಬಯೋಡೀಸೆಲ್ ಡೀಸೆಲ್‌ನಷ್ಟು ಒತ್ತಿಕೊಳ್ಳಲ್ಲ, ಪ್ರೆಷರ್ ಬೇಗ ನಾಜಲ್ ಮುಟ್ಟಿ ಎಣ್ಣೆ ಚಿಮ್ಮೋ ಟೈಮಿಂಗ್ ಚೂರು ಮುಂದಕ್ಕೆ ಹೋದ ಹಾಗಾಗುತ್ತೆ, ಒಳಗೆ ಬಿಸಿ ಹೆಚ್ಚುತ್ತೆ.

ಪ್ರಶ್ನೆ: ಹಾಗಾದ್ರೆ 20% ಹಾಕಿ ನೋಡ್ಲಾ ಅಣ್ಣ? ನಮ್ಮನೇಲಿ ಬಿಎಸ್6 (ಹೊಸ ಹೊಗೆ ನಿಯಮದ) ಪಿಕಪ್ಪೂ ಇದೆ, ಅದಕ್ಕೂ ಆಗುತ್ತಾ?

ಉತ್ತರ: ಪಿಕಪ್‌ಗೆ ಬೇಡ, ಕಂಪನಿ ಪುಸ್ತಕದಲ್ಲಿ ಎಷ್ಟು ಪರ್ಸೆಂಟ್ ಬರೆದಿದೆಯೋ ಅಷ್ಟಕ್ಕೇ ನಿಲ್ಸಿ. ಅದರ ಸೈಲೆನ್ಸರಲ್ಲಿ ಮಸಿ ಹಿಡಿಯೋ ಡಿಪಿಎಫ್ ಅನ್ನೋ ಫಿಲ್ಟರ್ ಇರುತ್ತೆ, ಆ ಮಸೀನ ಸುಟ್ಟು ಖಾಲಿ ಮಾಡೋಕೆ ಎಷ್ಟೋ ಗಾಡೀಲಿ ಎಂಜಿನ್ನು ತಡವಾಗಿ ಸ್ವಲ್ಪ ಹೆಚ್ಚು ಡೀಸೆಲ್ ಬಿಡುತ್ತೆ, ಅದ್ರಲ್ಲಿ ಒಂದಿಷ್ಟು ಸಿಲಿಂಡರ್ ಗೋಡೆ ಮೇಲಿಂದ ಇಳಿದು ಎಂಜಿನ್ ಆಯಿಲ್‌ಗೆ ಸೇರುತ್ತೆ. ಡೀಸೆಲ್ ಆದ್ರೆ ಬಿಸಿಗೆ ಬಹಳಷ್ಟು ಆವಿ ಆಗುತ್ತೆ, ಬಯೋಡೀಸೆಲ್ ಸುಲಭಕ್ಕೆ ಆವಿ ಆಗಲ್ಲ, ಅಲ್ಲೇ ಉಳಿದು ಆಯಿಲ್ ತೆಳ್ಳಗಾಗುತ್ತೆ.

ಟ್ರಾಕ್ಟರ್‌ಗೂ ಬಯೋಡೀಸೆಲ್ ಆಮೇಲೆ ನೋಡೋಣ. ಲೋಡಲ್ಲಿ ಅಷ್ಟು ಕರೀ ಹೊಗೆ ಬರ್ತಿದೆ ಅಂದ್ರೆ ಹೆಚ್ಚಾಗಿ ಏರ್ ಕ್ಲೀನರ್ ಕಟ್ಟಿರ್ಬೇಕು ಇಲ್ಲಾ ನಾಜಲ್ ಸೋರ್ತಿರ್ಬೇಕು, ಅದನ್ನ ಸರಿ ಮಾಡಿಸಿದ್ರೆ ಸಿಗೋ ಲಾಭ 20% ಬೆರಕೆಗಿಂತ ದೊಡ್ಡದು, ಇದು ನಾನು ಕಣ್ಣಾರೆ ಕಂಡಿದ್ದು. ಆಮೇಲೂ ಹಾಕೋ ಮನಸ್ಸಿದ್ರೆ ಐಎಸ್ 15607 (ಬಯೋಡೀಸೆಲ್‌ಗೆ ನಮ್ಮ ದೇಶದ ಗುಣಮಟ್ಟದ ಮಾನದಂಡ) ಪ್ರಕಾರ ಟೆಸ್ಟ್ ಆಗಿರೋದನ್ನೇ ತಗೊಳ್ಳಿ, ಮನೇಲಿ ಕಾಯಿಸ್ಬೇಡಿ, ಮೆಥನಾಲ್ ವಿಷ, ಬೆಂಕೀನೂ ಹೌದು. ಎರಡು ಡೀಸೆಲ್ ಫಿಲ್ಟರ್ ಹೆಚ್ಚಿಗೆ ಇಟ್ಕೊಳ್ಳಿ, ಹಳೇ ಟ್ಯಾಂಕಲ್ಲಿ ವರ್ಷಗಟ್ಟಲೆ ಕೂತಿರೋ ಗಷ್ಟನ್ನೆಲ್ಲ ಬಯೋಡೀಸೆಲ್ ಎಬ್ಬಿಸ್ಕೊಂಡು ಬಂದು ಫಿಲ್ಟರ್ ಕಟ್ಟಿಸುತ್ತೆ. ಅಲ್ಲೀವರೆಗೆ ಉಳುಮೆಗೆ ಅಪ್ಪನ ಬದಲು ನೀವೇ ಕೂತ್ಕೊಳ್ಳಿ, ನಾಜಲ್ ಬಿಚ್ಚಿಸಿದ ದಿನ ತುದಿ ಫೋಟೋ ಇಲ್ಲಿ ಹಾಕಿ, ನೋಡಿ ಹೇಳ್ತೀನಿ.