ಅತ್ತೆಯನ್ನು ಎತ್ತಿ ಎತ್ತಿ ಸೊಂಟ ಹಿಡಿದಿದೆ, ಏನು ಮಾಡಲಿ?

ಪ್ರಶ್ನೆ, ಸಕಲೇಶಪುರದ ಹತ್ತಿರದ ಹಳ್ಳಿಯಿಂದ:
ನಮಸ್ತೆ ಮೇಡಂ. ಅತ್ತೆಗೆ ಸ್ಟ್ರೋಕ್ ಆಗಿ ಮೂರು ತಿಂಗಳಾಯಿತು. ಬಲಗೈ, ಬಲಗಾಲಿನಲ್ಲಿ ಶಕ್ತಿ ಇಲ್ಲ. ತೂಕ 62 ಕೆಜಿ. ಯಜಮಾನರು ಬೆಳಿಗ್ಗೆಯೇ ತೋಟಕ್ಕೆ ಹೋಗುತ್ತಾರೆ, ಮನೆಯಲ್ಲಿ ನಾನೊಬ್ಬಳೇ. ಅತ್ತೆ ನನ್ನ ಕುತ್ತಿಗೆ ಹಿಡಿದುಕೊಳ್ಳುತ್ತಾರೆ, ನಾನು ಕಂಕುಳಿಗೆ ಕೈ ಕೊಟ್ಟು ಎತ್ತಿ ವೀಲ್‌ಚೇರ್‌ಗೆ ಕೂರಿಸುತ್ತೇನೆ. ಈಗ ಬೆಳಿಗ್ಗೆ ಎದ್ದರೆ ಸೊಂಟ ಬಗ್ಗುವುದೇ ಇಲ್ಲ. ಬೆಲ್ಟ್ ಕಟ್ಟಿಕೊಂಡರೆ ಸರಿಹೋಗುತ್ತಾ?

ಉತ್ತರ, ಫಿಸಿಯೋಥೆರಪಿಸ್ಟ್, ಹಾಸನ:
ಬೆಲ್ಟ್ ಕಟ್ಟಿಕೊಂಡು ಹೀಗೇ ಎತ್ತುತ್ತಿದ್ದರೆ ನೋವು ಹೋಗುವುದಿಲ್ಲಮ್ಮ. ಎತ್ತುವುದನ್ನೇ ಬಿಡಬೇಕು. ಕೆಲಸಗಾರರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಯೋಶ್ (NIOSH) ಸಂಸ್ಥೆ ರೋಗಿಯನ್ನು ಕೈಯಿಂದ ಎತ್ತುವುದಕ್ಕೆ ಹಾಕಿರುವ ಮಿತಿ 35 ಪೌಂಡ್, ಅಂದರೆ ಸುಮಾರು 16 ಕೆಜಿ. ಅದೂ ಎಲ್ಲ ಅನುಕೂಲ ಇದ್ದಾಗ. ನಿಮ್ಮ ಅತ್ತೆಯ ಒಂದು ಕಾಲೇ ಸುಮಾರು 10 ಕೆಜಿ ಇರುತ್ತದೆ. ಕಾಫಿ ಮೂಟೆ ಹೊರುವವರನ್ನು ನೋಡಿ, ಬೆನ್ನಿಗೆ ಆನಿಸಿಕೊಂಡೇ ಹೊರುತ್ತಾರೆ. ಭಾರ ಮೈಯಿಂದ ದೂರ ಹೋದಷ್ಟೂ ಸೊಂಟಕ್ಕೆ ಪೆಟ್ಟು ಜಾಸ್ತಿ.

ಕಂಕುಳಿಗೆ ಕೈ ಹಾಕುವುದನ್ನು ಇವತ್ತೇ ನಿಲ್ಲಿಸಿ. ಶಕ್ತಿ ಇಲ್ಲದ ಭುಜದ ಕೀಲು ಜಾರಬಹುದು. ಕುತ್ತಿಗೆ ಹಿಡಿಯಲೂ ಬಿಡಬೇಡಿ.

ವೀಲ್‌ಚೇರನ್ನು ಅತ್ತೆಯ ಎಡಗಡೆ, ಅಂದರೆ ಶಕ್ತಿ ಇರುವ ಕಡೆ, ಮಂಚಕ್ಕೆ ತಾಗಿಸಿ ಸ್ವಲ್ಪ ಓರೆಯಾಗಿ ಇಡಿ. ಬ್ರೇಕ್ ಹಾಕಿ, ಕಾಲಿಡುವ ಹಲಗೆ ಮಡಚಿ. ಅತ್ತೆ ಮಂಚದ ಅಂಚಿಗೆ ಸರಿದು ಕೂರಲಿ, ಎರಡೂ ಪಾದ ನೆಲಕ್ಕೆ ಊರಲಿ, ಮಂಡಿಗಿಂತ ಸ್ವಲ್ಪ ಹಿಂದಕ್ಕೆ. ಅತ್ತೆಯ ಸೊಂಟಕ್ಕೆ, ರೋಗಿಗೆ ಕಟ್ಟುವ ಅಗಲ ಬೆಲ್ಟ್ ಹಾಕಿ, ನೀವು ಅದನ್ನು ಹಿಡಿಯಿರಿ. ನಿಮ್ಮ ಮಂಡಿ ಅವರ ಬಲ ಮಂಡಿಗೆ ಆಸರೆಯಾಗಿರಲಿ. ಆಮೇಲೆ "ಅತ್ತೆ, ಮುಂದಕ್ಕೆ ಬಗ್ಗಿ" ಅನ್ನಿ. ಮೂಗು ಕಾಲ್ಬೆರಳಿನ ಮೇಲೆ ಬರುವಷ್ಟು ಬಗ್ಗಿದರೆ ಕುಂಡಿ ತಾನಾಗಿಯೇ ಹಗುರಾಗಿ ಏಳುತ್ತದೆ. ಒಂದು, ಎರಡು, ಮೂರು ಎಂದು ಎಣಿಸಿ, ಅವರಿಗೂ ಎಡಗೈಯಿಂದ ಮಂಚ ಒತ್ತಲು ಹೇಳಿ. ತಿರುಗುವಾಗ ನಿಮ್ಮ ಸೊಂಟ ತಿರುಚಬೇಡಿ, ಪಾದ ಎತ್ತಿಟ್ಟು ತಿರುಗಿ.

ಪ್ರಶ್ನೆ:
ಮಲಗಿದಾಗ ಜಾರಿ ಕೆಳಗೆ ಬರುತ್ತಾರೆ. ಮೇಲಕ್ಕೆ ಎಳೆಯುವುದು ಹೇಗೆ? ಮಂಚ ತುಂಬಾ ತಗ್ಗು.

ಉತ್ತರ:
ಯಜಮಾನರು ಮನೆಯಲ್ಲಿರುವಾಗ ಇಬ್ಬರೂ ಸೇರಿ ಮಾಡಿ. ಬೆಡ್‌ಶೀಟನ್ನು ಎರಡು ಮಡಿಕೆ ಮಾಡಿ, ಭುಜದಿಂದ ತೊಡೆಯವರೆಗೆ ಅಡಿಗೆ ಹಾಸಿ. ದಿಂಬು ತೆಗೆದು, ಬಟ್ಟೆಯ ಅಂಚನ್ನು ಅತ್ತೆಯ ಮೈಗೆ ಹತ್ತಿರ ಸುರುಳಿ ಸುತ್ತಿ ಹಿಡಿದು ಜಾರಿಸಿ. ಅತ್ತೆ ಎಡ ಮಂಡಿ ಮಡಚಿ ಒತ್ತಿದರೆ ಅರ್ಧ ಕೆಲಸ ಅವರೇ ಮಾಡಿದ ಹಾಗೆ. ಒಬ್ಬರೇ ಇದ್ದಾಗ ಎಳೆಯಲು ಹೋಗಬೇಡಿ, ಅವರಿಂದಲೇ ಒತ್ತಿಸಿ. ತಗ್ಗು ಮಂಚದ ಹತ್ತಿರ ಕೆಲಸ ಮಾಡುವಾಗ ಒಂದು ಮಂಡಿ ಹಾಸಿಗೆ ಮೇಲೆ ಊರಿ. ಬಗ್ಗಿ ನಿಲ್ಲುವುದಕ್ಕಿಂತ ಎಷ್ಟೋ ವಾಸಿ. ಸಾಧ್ಯವಾದರೆ ಎತ್ತರ ಬದಲಿಸುವ ಆಸ್ಪತ್ರೆ ಮಂಚವನ್ನು ಬಾಡಿಗೆಗೆ ತನ್ನಿ.

ಪ್ರಶ್ನೆ:
ಬಚ್ಚಲಿಗೆ ಹೊಸ್ತಿಲು ದಾಟಿ ಹೋಗಬೇಕು. ದಿನಕ್ಕೆ ಆರು ಸಲ ಕರೆದುಕೊಂಡು ಹೋಗುತ್ತೇನೆ.

ಉತ್ತರ:
ಹಗಲು ಮಂಚದ ಪಕ್ಕ ಕಮೋಡ್ ಕುರ್ಚಿ ಇಡಿ. ಅತ್ತೆಗೆ ಮೊದಲು ಸಂಕೋಚ ಆಗುತ್ತದೆ, ಮಧ್ಯೆ ಒಂದು ಸೀರೆ ಅಡ್ಡ ಕಟ್ಟಿ. ಎಲ್ಲಾದರೂ ಬೀಳುವಂತಾದರೆ ತಡೆದು ಹಿಡಿಯಬೇಡಿ. ನಿಮ್ಮ ಕಾಲಿನ ಮೇಲೆ ನಿಧಾನವಾಗಿ ಜಾರಿಸಿ ನೆಲಕ್ಕೆ ಕೂರಿಸಿ, ಆಮೇಲೆ ಪಕ್ಕದ ಮನೆಯವರನ್ನು ಕರೆಯಿರಿ.

ನಿಮ್ಮ ನೋವು ಕಾಲಿಗೆ ಇಳಿದರೆ, ಜುಮ್ಮೆಂದರೆ ಬೇಗ ಡಾಕ್ಟರಿಗೆ ತೋರಿಸಿ. ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಕಾಯಬೇಡಿ.