ಹಳೆ ಝೆನ್‌ಗೆ ಎಸ್ಟೀಮ್ ಇಂಜಿನ್ ಕೂರಿಸುವುದೋ, ಇದ್ದದ್ದನ್ನೇ ಸರಿಮಾಡುವುದೋ?

ಮಲ್ಪೆ ಝೆನ್:
1998ರ ಕಾರ್ಬ್ಯುರೇಟರ್ ಮಾರುತಿ ಝೆನ್ ಕಾರು, ಉಡುಪಿ ರಿಜಿಸ್ಟ್ರೇಶನ್. ನಾಲ್ಕು ಜನ ಕೂತು ಎಸಿ ಹಾಕಿದರೆ ಆಗುಂಬೆ ಘಾಟಿಯಲ್ಲಿ ಎರಡನೇ ಗೇರಲ್ಲೂ ಎಳೆಯುವುದಿಲ್ಲ. ಬೋರ್ ಮಾಡಿಸಿ ದೊಡ್ಡ ಪಿಸ್ಟನ್ ಹಾಕಿದರೆ ಸಾಕಾ, ಅಥವಾ ಎಸ್ಟೀಮಿನ 1298 ಸಿಸಿ ಇಂಜಿನ್ನೇ ಕೂರಿಸುವುದಾ?

ಪಡುಬಿದ್ರಿ ಸ್ಪ್ಯಾನರ್:
ಬೋರ್ ಮಾಡಿಸಿದರೆ ಪವರ್ ಬರುತ್ತದೆ ಎನ್ನುವ ಆಸೆ ಬಿಡಿ. ಝೆನ್ನಿನ ಬೋರ್ (ಸಿಲಿಂಡರಿನ ಅಗಲ) 72 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರ) 61. ಅರ್ಧ ಮಿ.ಮೀ. ಓವರ್‌ಸೈಜ್ ಹಾಕಿದರೆ ನಾಲ್ಕೂ ಸಿಲಿಂಡರ್ ಸೇರಿ ಹೆಚ್ಚುವುದು ಸುಮಾರು 14 ಸಿಸಿ. ಸವೆದ ಸಿಲಿಂಡರ್‌ಗೆ ಅದು ಮದ್ದು, ಘಾಟಿಗಲ್ಲ.

ಮೊದಲು ಇಂಜಿನ್ ಆಫ್ ಇಟ್ಟು ಬಾನೆಟ್ ತೆರೆಯಿರಿ. ಒಬ್ಬರು ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿಯಲಿ, ನೀವು ಕಾರ್ಬ್ಯುರೇಟರ್ ಬದಿಯ ಥ್ರಾಟಲ್ ಲಿವರನ್ನು ಬೆರಳಲ್ಲಿ ತಳ್ಳಿ. ಇನ್ನೂ ಮುಂದೆ ಹೋಗುತ್ತದಾದರೆ ಕೇಬಲ್ ಸಡಿಲ ಉಂಟು, ಥ್ರಾಟಲ್ ಪೂರ್ತಿ ತೆರೆಯುವುದೇ ಇಲ್ಲ. ಆಮೇಲೆ ಜಾಕ್ ಕೊಟ್ಟು ಮುಂದಿನ ಚಕ್ರ ತಿರುಗಿಸಿ, ಸಲೀಸಾಗಿ ತಿರುಗುತ್ತದಾ ನೋಡಿ. ಕಡಲ ಬದಿಯ ಕಾರುಗಳಲ್ಲಿ ಉಪ್ಪು ಗಾಳಿಗೆ ಬ್ರೇಕಿನ ಕ್ಯಾಲಿಪರ್ ಪಿನ್ ತುಕ್ಕು ಹಿಡಿದು ಬ್ರೇಕ್ ಪ್ಯಾಡ್ ಕಚ್ಚಿಕೊಂಡೇ ಇರುತ್ತದೆ.

ಎರಡೂ ಸರಿ ಇದ್ದರೆ ಕಂಪ್ರೆಷನ್ ನೋಡಿ, ಅಂದರೆ ಪ್ರತಿ ಸಿಲಿಂಡರಿಗೆ ಗೇಜ್ ಹಾಕಿ ಸ್ಟಾರ್ಟರ್ ತಿರುಗಿಸಿ ಒಳಗಿನ ಒತ್ತಡ ಅಳೆಯಿರಿ. ಇಂಜಿನ್ ಬಿಸಿ ಇರಬೇಕು, ನಾಲ್ಕೂ ಪ್ಲಗ್ ಬಿಚ್ಚಿರಬೇಕು, ಇಗ್ನಿಷನ್ ಕಾಯಿಲ್ ವೈರ್ ಕಳಚಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿರಬೇಕು. ಚದರ ಸೆಂ.ಮೀ.ಗೆ 12ರಿಂದ 14 ಕೆ.ಜಿ. ಬರಬೇಕು, ಸಿಲಿಂಡರ್‌ಗಳ ನಡುವೆ 1 ಕೆ.ಜಿ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕಡಿಮೆ ಬಂದ ಸಿಲಿಂಡರ್‌ಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್.

ಮಲ್ಪೆ ಝೆನ್:
ಕೇಬಲ್, ಬ್ರೇಕ್ ಸರಿ ಉಂಟು. ಕಂಪ್ರೆಷನ್ 12.5, 12.5, 9, 12. ಮೂರನೆಯದಕ್ಕೆ ಆಯಿಲ್ ಬಿಟ್ಟರೂ 9.5 ಅಷ್ಟೇ.

ಪಡುಬಿದ್ರಿ ಸ್ಪ್ಯಾನರ್:
ಹಾಗಾದರೆ ಪಿಸ್ಟನ್ ಮುಟ್ಟಬೇಡಿ. ಮೂರನೆಯದರ ಟ್ಯಾಪೆಟ್ ಗ್ಯಾಪ್ (ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಸಂದು) ನೋಡಿ, ಬಿಗಿ ಇದ್ದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಅದು ಸರಿ ಇದ್ದರೂ 9ರಲ್ಲೇ ನಿಂತರೆ ಹೆಡ್ ಇಳಿಸಿ: ವಾಲ್ವ್ ಲ್ಯಾಪಿಂಗ್ (ವಾಲ್ವನ್ನು ಅದರ ಸೀಟಿಗೆ ಉಜ್ಜಿ ಸರಿಯಾಗಿ ಕೂರಿಸುವುದು), ಹೊಸ ವಾಲ್ವ್ ಸೀಲ್, ಹೊಸ ಗ್ಯಾಸ್ಕೆಟ್. ಹೆಡ್ ಬಾಗಿದೆಯಾ ಅಂತ ಲೇತ್‌ನವರ ಹತ್ತಿರ ಸ್ಟ್ರೈಟ್ ಎಡ್ಜ್ ಇಡಿಸಿ ನೋಡಿ. ಬಿಚ್ಚಿದಾಗಲೇ ಟೈಮಿಂಗ್ ಬೆಲ್ಟ್, ವಾಟರ್ ಪಂಪ್ ಬದಲಿಸಿ, ಮತ್ತೊಮ್ಮೆ ಲೇಬರ್ ಕೊಡುವುದು ಬೇಡ.

ಬಂಟ್ವಾಳ ಗೇರ್:
ಎಸ್ಟೀಮ್ ಇಂಜಿನ್ ಝೆನ್ನಿನದರ ಹಾಗೆಯೇ ಸುಜುಕಿಯ ಜಿ ಸರಣಿಯದು, ಕೂರುತ್ತದೆ. ಆದರೆ ರೇಡಿಯೇಟರ್, ಕ್ಲಚ್, ಬ್ರೇಕ್ ಎಲ್ಲವನ್ನೂ ಅದಕ್ಕೆ ತಕ್ಕಂತೆ ಮಾಡಬೇಕಾಗುತ್ತದೆ. ಅದಕ್ಕಿಂತ ದೊಡ್ಡ ತೊಡಕು ಕಾಗದದ್ದು. ಗಾಡಿಯ ಮಾರ್ಪಾಡಿನ ಬಗ್ಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಉಂಟು. ತಯಾರಕರ ಮೂಲ ವಿವರಣೆಗೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. 15 ವರ್ಷ ದಾಟಿದ ನಿಮ್ಮ ಗಾಡಿ ಐದೈದು ವರ್ಷಕ್ಕೆ ನವೀಕರಣಕ್ಕೆ ಹೋಗಲೇಬೇಕು, ಅಲ್ಲಿ ಇಂಜಿನ್ ನಂಬರ್ ನೋಡುತ್ತಾರೆ. ಆರ್‌ಸಿಯಲ್ಲಿ ಇಲ್ಲದ ನಂಬರಾದರೆ ಅಲ್ಲೇ ನಿಂತಿತು. ಅಪಘಾತವಾದರೆ ವಿಮೆಯೂ ಕೈಕೊಡಬಹುದು. ಬ್ಲಾಕೇ ಹೋದರೆ ಅದೇ ಝೆನ್ ಇಂಜಿನ್ ಹುಡುಕಿ, ಬಿಲ್ ಸಮೇತ, ಮೊದಲೇ ಆರ್‌ಟಿಒ ಅನುಮತಿ ಪಡೆದು ಹಾಕಿ.

61 ಮಿ.ಮೀ. ಸ್ಟ್ರೋಕಿನ ಇಂಜಿನ್ ಕಡಿಮೆ ಆರ್‌ಪಿಎಂನಲ್ಲಿ ಎಳೆಯುವುದಿಲ್ಲ. ಘಾಟಿಯ ಬುಡದ ಸೋಮೇಶ್ವರ ದಾಟಿದ ಕೂಡಲೇ ಎಸಿ ಆಫ್ ಮಾಡಿ, ತಿರುವಿಗೆ ಮೊದಲೇ ಗೇರ್ ಇಳಿಸಿ, ತಿರುವಿನ ನಡುವೆ ಅಲ್ಲ.