ಆನೆ ಬಂದರೆ ಎಲ್ಲರಿಗೂ ಬೇಗ ತಿಳಿಸೋದು ಹೇಗೆ?

ಕಾಫಿತೋಟ: ನಮ್ಮದು ಕೊಡಗಿನ ಸಿದ್ದಾಪುರದ ಹತ್ತಿರ. ಆನೆ ಕಂಡರೆ ಊರಿನ ವಾಟ್ಸಾಪ್ ಗ್ರೂಪಿಗೆ ಹಾಕುತ್ತೇವೆ. ಆದರೆ ನಿನ್ನೆ ಬೆಳಿಗ್ಗೆ ಹಾಕಿದ ಮೆಸೇಜ್ ಗುಡ್ ಮಾರ್ನಿಂಗ್ ಚಿತ್ರಗಳ ಅಡಿ ಮುಚ್ಚಿಹೋಗಿ, ಲೈನ್‌ಮನೆಯವರು (ತೋಟದ ಸಾಲುಮನೆಗಳಲ್ಲಿರುವ ಕೆಲಸದವರು) ಆನೆ ನಿಂತಿದ್ದ ದಾರಿಯಲ್ಲೇ ಕೆಲಸಕ್ಕೆ ಹೊರಟಿದ್ದರು. ಈಗಲೂ ಎದೆ ನಡುಗುತ್ತದೆ. ಏನು ಮಾಡೋದು?

ಮಳೆಗಾಲ: ಆನೆಗೇ ಬೇರೆ ಗ್ರೂಪ್ ಮಾಡಿ. ಅಡ್ಮಿನ್ ಮಾತ್ರ ಬರೆಯುವ ಸೆಟ್ಟಿಂಗ್ ಇದೆ ಅಲ್ವಾ, ತೋಟಕ್ಕೊಬ್ಬರು ಅಡ್ಮಿನ್ ಆದರೆ ಸಾಕು. 1024 ಜನ ಸೇರಬಹುದು. ಎಲ್ಲಿ, ಎಷ್ಟು ಹೊತ್ತಿಗೆ, ಯಾವ ಕಡೆ ಹೋಯಿತು, ಅಷ್ಟೇ ಇರಲಿ.

ಮಕ್ಕಂದೂರಿನವ: ಗ್ರೂಪೊಂದನ್ನೇ ನಂಬಬೇಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ನಮಗೆ ಕರೆಂಟೂ ಇರಲಿಲ್ಲ, ನೆಟ್‌ವರ್ಕೂ ಇರಲಿಲ್ಲ. ಕೀಪ್ಯಾಡ್ ಫೋನಿನವರಿಗೆ ಕರೆ ಮಾಡಲು ಒಬ್ಬರನ್ನು ಗೊತ್ತುಮಾಡಿ.

ಕಾಫಿತೋಟ: ಸರಿ. ಅಸ್ಸಾಂನಿಂದ ಬಂದ ಕೆಲಸದವರಿಗೆ ಕನ್ನಡ ಓದಲು ಬರಲ್ಲ, ಅವರಿಗೆ ಹಿಂದಿಯಲ್ಲಿ ವಾಯ್ಸ್ ಮೆಸೇಜ್ ಹಾಕುತ್ತೇನೆ. ಇವತ್ತೇ ಶುರು.